ಗ್ರಹಗಳನ್ನು ಕಣ್ಣಾರೆ ಕಾಣಬೇಕು

ನಮ್ಮ ನಾಡಿನಲ್ಲಿ ಗ್ರಹಗಳ ಹೆಸರನ್ನು ಕೇಳದ ಮನೆಯಿಲ್ಲ. ವಾರದ ಏಳು ದಿನಗಳಲ್ಲಿ ಮಂಗಳವಾರದಿಂದ ಶನಿವಾರದವರೆಗಿನ ಐದು ದಿನಗಳು ಐದು ಗ್ರಹಗಳ ಹೆಸರನ್ನೇ ಹೊತ್ತು ನಿಂತಿವೆ. ಮಗು ಹುಟ್ಟಿದರೆ ಕುಂಡಲಿ ಬರೆಯಿಸುತ್ತೇವೆ. ಮಗಳ ಮದುವೆಯ ಮಾತು ಬಂದರೆ ಗುರುಬಲವನ್ನು ವಿಚಾರಿಸುತ್ತೇವೆ. ಹಿಡಿದ ಕೆಲಸ ಕೆಟ್ಟರೆ ತಪ್ಪನ್ನು ಶನಿಯ ಮೇಲೆ ಹೊರಿಸುತ್ತೇವೆ. ಇಷ್ಟೊಂದು ಬಳಕೆಯಲ್ಲಿರುವ ಗ್ರಹಗಳನ್ನು ನಾವು ನೋಡಿದ್ದೇವೆಯೆ? "ಇಂದು ರಾತ್ರಿ ಗುರು ಎಲ್ಲಿದೆ, ಬೆರಳು ಮಾಡಿ ತೋರಿಸಿ" ಎಂದು ಯಾರಾದರೂ ಕೇಳಿದರೆ, ಓದಿದವರು ಓದದವರು ಎಂಬ ಭೇದವಿಲ್ಲದೆ ನಮ್ಮಲ್ಲಿ ಬಹುಮಂದಿ ತಲೆತಗ್ಗಿಸಬೇಕಾಗುತ್ತದೆ. ಹೆಸರು ನಾಲಗೆಯ ಮೇಲಿದೆ, ಭಯ ಎದೆಯಲ್ಲಿದೆ, ಬಣ್ಣದ ಚಿತ್ರ ಪಠ್ಯಪುಸ್ತಕದಲ್ಲಿದೆ. ಗ್ರಹ ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೆ. ಪ್ರೌಢಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿ ಹೊರಡುವ ಪ್ರತಿಯೊಬ್ಬ ಬಾಲಕ ಬಾಲಕಿಯೂ ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದು ಗ್ರಹಗಳನ್ನು ಒಮ್ಮೆಯಾದರೂ ತನ್ನ ಕಣ್ಣಿನಿಂದ ಗುರುತಿಸಿ ನೋಡಿರಬೇಕು. ಇದಕ್ಕೆ ಹಣ ಬೇಕಾಗಿಲ್ಲ, ಯಂತ್ರ ಬೇಕಾಗಿಲ್ಲ. ಸಂಜೆ ಮತ್ತು ಬೆಳಗಿನ ಜಾವ ಮಕ್ಕಳು ಶಾಲೆಯ ಆವರಣದಲ್ಲಿಯೇ ಇರಬೇಕು, ಅಷ್ಟೆ. ಮಧ್ಯಾಹ್ನದ ಗಂಟೆ ಬಾರಿಸಿ ಬಾಗಿಲು ಹಾಕುವ ಶಾಲೆಗಳಿಗೆ ಈ ಅನುಕೂಲವಿಲ್ಲ. ಪ್ರಸಾದನಿಲಯದಲ್ಲಿ ಮಕ್ಕಳನ್ನು ಇರಿಸಿಕೊಂಡು, ನಸುಕಿನಲ್ಲಿ ಎಬ್ಬಿಸಿ ಓದಿಸುವ ನಮ್ಮಂಥ ಸಂಸ್ಥೆಗಳಿಗೆ ಅದು ತಾನಾಗಿ ಒದಗಿ ಬಂದಿದೆ. ಒದಗಿದ್ದನ್ನು ನಾವು ಬಳಸುತ್ತಿಲ್ಲವೆಂಬುದೇ ನನ್ನ ಕೊರಗು.

ಈ ಕೊರಗಿಗೆ ಒಂದು ಹಿನ್ನೆಲೆಯಿದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನವನ್ನು ಬೋಧಿಸಿದವನು ನಾನು. ಸೌರವ್ಯೂಹದ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ವೃತ್ತಗಳನ್ನೆಳೆದು, ಗ್ರಹಗಳ ವ್ಯಾಸ, ದೂರ, ಉಪಗ್ರಹಗಳ ಸಂಖ್ಯೆಗಳನ್ನು ಬರೆಯಿಸಿ, ಪಾಠ ಮುಗಿಯಿತೆಂದು ಸುಣ್ಣದ ಕೈ ತೊಳೆದುಕೊಳ್ಳುತ್ತಿದ್ದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠವಾದ ಮೇಲೆ ಮೇಜಿನ ಬಳಿಗೆ ಬಂದು, "ಶನಿ ಈಗ ಎಲ್ಲಿ ಕಾಣಿಸುತ್ತದೆ, ಸಾರ್?" ಎಂದು ಕೇಳಿದ. ನಾನು ಪುಸ್ತಕದಲ್ಲಿನ ಬಳೆಗಳುಳ್ಳ ಚಿತ್ರವನ್ನು ತೋರಿಸಿ ಅವನನ್ನು ಕಳುಹಿಸಿದೆ. ಮರುವರ್ಷ ಆತ ಪರೀಕ್ಷೆಯ ಶುಲ್ಕ ಕಟ್ಟದೆ ಶಾಲೆ ಬಿಟ್ಟ. ಅವನಿಗೆ ಏಳೂವರೆ ವರ್ಷದ ಶನಿ ಹಿಡಿದಿದೆ, ಅದು ಬಿಡುವ ತನಕ ವಿದ್ಯೆ ತಲೆಗೆ ಹತ್ತದು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ತನ್ನನ್ನು ಹಿಡಿದಿರುವುದು ಎಂಥದ್ದೆಂದು ನೋಡಬೇಕೆಂಬ ಹಂಬಲದಿಂದ ಆತ ನನ್ನ ಬಳಿಗೆ ಬಂದಿದ್ದ. ತೋರಿಸಲು ನನಗೆ ಬರಲಿಲ್ಲ. ಏಕೆಂದರೆ ನಾನೇ ಅದುವರೆಗೆ ಶನಿಯನ್ನು ಕಂಡಿರಲಿಲ್ಲ. ತೋರಿಸಿದ್ದರೆ ಆತ ಓದನ್ನು ಮುಂದುವರಿಸುತ್ತಿದ್ದನೆಂದು ನಾನು ಹೇಳಲಾರೆ. ಆದರೆ ಕೇಳಿ ಬಂದವನನ್ನು ಬರಿಗೈಯಲ್ಲಿ ಕಳುಹಿಸಿದೆನೆಂಬುದು ನನ್ನ ಮನಸ್ಸಿನಿಂದ ಇಂದಿಗೂ ಮಾಯವಾಗಿಲ್ಲ. ಆ ವರ್ಷದಿಂದ ನಾನು ಆಕಾಶವನ್ನು ನೋಡಲು ಕಲಿತೆ. ಕಲಿತದ್ದರಲ್ಲಿ ಮಕ್ಕಳಿಗೂ ಉಪಾಧ್ಯಾಯರಿಗೂ ಉಪಯೋಗವಾಗಬಹುದಾದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ತಿಳಿಯಬೇಕಾದುದು, ಗ್ರಹಗಳು ಆಕಾಶದಲ್ಲಿ ಎಲ್ಲೆಂದರಲ್ಲಿ ಇರುವುದಿಲ್ಲವೆಂಬುದು. ಸೂರ್ಯಚಂದ್ರರು ನಡೆಯುವ ದಾರಿಯಲ್ಲಿಯೇ, ಇಲ್ಲವೆ ಅದರ ತೀರ ಸಮೀಪದಲ್ಲಿಯೇ, ಅವೂ ನಡೆಯುತ್ತವೆ. ನಮ್ಮ ಸೀಮೆಯಲ್ಲಿ ಈ ದಾರಿ ಪೂರ್ವದಿಂದ ಎದ್ದು ನೆತ್ತಿಯ ಸಮೀಪದಲ್ಲಿ ಹಾದು ಪಶ್ಚಿಮಕ್ಕೆ ಇಳಿಯುತ್ತದೆ. ಉತ್ತರದಲ್ಲಿ ಸಪ್ತರ್ಷಿಮಂಡಲದ ನಡುವೆ ಗ್ರಹವನ್ನು ಹುಡುಕಿದರೆ ಎಂದೂ ಸಿಕ್ಕದು. ಈ ದಾರಿಯ ಅಂಚಿನಲ್ಲಿ ಹೊಳಪುಳ್ಳ ಐದು ನಕ್ಷತ್ರಗಳಿವೆ: ರೋಹಿಣಿ, ಪುನರ್ವಸು, ಮಘೆ, ಚಿತ್ತೆ, ಜ್ಯೇಷ್ಠೆ. ಇವುಗಳನ್ನು ಒಂದು ವರ್ಷದಲ್ಲಿ ಗುರುತು ಮಾಡಿಕೊಂಡರೆ ಅರ್ಧ ವಿದ್ಯೆ ಕೈವಶವಾದಂತೆ. ಆ ದಾರಿಯಲ್ಲಿ ಈ ಐದನ್ನು ಬಿಟ್ಟು ಬೇರೆ ಯಾವುದಾದರೂ ಉಜ್ವಲ ಚುಕ್ಕೆ ಕಂಡರೆ ಅದು ಗ್ರಹವೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ನಮ್ಮ ರೈತರು ರೋಹಿಣಿ ಮಳೆ, ಪುನರ್ವಸು ಮಳೆ, ಮಘೆ ಮಳೆ, ಚಿತ್ತೆ ಮಳೆ ಎಂದು ಈ ಹೆಸರುಗಳನ್ನು ಬಲ್ಲರು. ಆದರೆ ಸೂರ್ಯನು ಆ ನಕ್ಷತ್ರದಲ್ಲಿರುವಾಗ ಬೀಳುವ ಮಳೆಗೆ ಆ ಹೆಸರು. ಆಗ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ರೋಹಿಣಿಯನ್ನು ನೋಡಬೇಕಾದರೆ ರೋಹಿಣಿ ಮಳೆಯ ದಿನಗಳಲ್ಲಲ್ಲ, ಡಿಸೆಂಬರ್ ತಿಂಗಳ ಸಂಜೆ ಪೂರ್ವಕ್ಕೆ ತಿರುಗಿ ನಿಲ್ಲಬೇಕು.

ಎರಡನೆಯ ಗುರುತು ಬೆಳಕಿನದು. ನಕ್ಷತ್ರ ಮಿನುಗುತ್ತದೆ, ಗ್ರಹ ಸ್ಥಿರವಾಗಿ ಬೆಳಗುತ್ತದೆ. ನಕ್ಷತ್ರ ಅತಿ ದೂರದಲ್ಲಿರುವುದರಿಂದ ಅದರ ಬೆಳಕು ಒಂದು ಬಿಂದುವಿನಿಂದ ಬಂದಂತಿದ್ದು, ಗಾಳಿಯ ಚಲನೆಗೆ ಸಿಕ್ಕಿ ನಡುಗುತ್ತದೆ. ಗ್ರಹವು ಕಣ್ಣಿಗೆ ಬಿಂದುವಿನಂತೆ ಕಂಡರೂ ನಿಜದಲ್ಲಿ ಒಂದು ಪುಟ್ಟ ಬಿಲ್ಲೆ. ಬಿಲ್ಲೆಯ ಒಂದು ಭಾಗದ ನಡುಕವನ್ನು ಇನ್ನೊಂದು ಭಾಗ ಸರಿದೂಗಿಸುತ್ತದೆ. ದಿಗಂತದ ಹತ್ತಿರ ಮಾತ್ರ ಗಾಳಿ ದಟ್ಟವಾಗಿರುವುದರಿಂದ ಗ್ರಹವೂ ಮಿನುಗಬಹುದು. ಆದುದರಿಂದ ಅದು ತುಸು ಮೇಲೇರಿದ ಮೇಲೆ ಪರೀಕ್ಷಿಸಬೇಕು.

ಇನ್ನು ಯಾವಾಗ ನೋಡಬೇಕು? ಇದಕ್ಕೆ ಉತ್ತರ ನಮ್ಮ ಗೋಡೆಯ ಮೊಳೆಗೆ ತೂಗುಹಾಕಿದ ಪಂಚಾಂಗದಲ್ಲಿಯೇ ಇದೆ. ಯಾವ ಗ್ರಹ ಯಾವ ರಾಶಿಯಲ್ಲಿದೆ ಎಂಬುದನ್ನು ಅದು ತಿಂಗಳು ತಿಂಗಳೂ ಹೇಳುತ್ತದೆ. ಸೂರ್ಯನಿರುವ ರಾಶಿಯನ್ನು ಒಂದು ಎಂದು ಹಿಡಿದು ಗ್ರಹವಿರುವ ರಾಶಿಯವರೆಗೆ ಎಣಿಸಬೇಕು. ಎಣಿಕೆ ಒಂದಕ್ಕೇ ನಿಂತರೆ ಗ್ರಹ ಸೂರ್ಯನ ಜೊತೆಯಲ್ಲಿದೆ, ಸಾಮಾನ್ಯವಾಗಿ ಕಾಣದು. ಎರಡರಿಂದ ಆರರವರೆಗೆ ಬಂದರೆ ಸೂರ್ಯಾಸ್ತದ ಅನಂತರ ಸಂಜೆಯ ಆಕಾಶದಲ್ಲಿ ಕಾಣುತ್ತದೆ. ನಾಲ್ಕಾದರೆ ಸಂಜೆ ನೆತ್ತಿಯ ಸಮೀಪವಿದ್ದು ನಡುರಾತ್ರಿಯ ಹೊತ್ತಿಗೆ ಮುಳುಗುತ್ತದೆ. ಏಳಾದರೆ ಸೂರ್ಯನಿಗೆ ನೇರ ಎದುರಾಗಿದ್ದು, ಸೂರ್ಯ ಮುಳುಗುವಾಗ ಪೂರ್ವದಲ್ಲಿ ಹುಟ್ಟಿ ಇಡೀ ರಾತ್ರಿ ಬೆಳಗುತ್ತದೆ. ಎಂಟರಿಂದ ಹನ್ನೆರಡಾದರೆ ತಡರಾತ್ರಿ ಅಥವಾ ನಸುಕಿನಲ್ಲಿ ನೋಡಬೇಕು. ಒಂದೊಂದು ರಾಶಿಗೆ ಸುಮಾರು ಎರಡು ಗಂಟೆಯ ಅಂತರವೆಂದು ಲೆಕ್ಕ. ಇದರಲ್ಲಿ ಸೂಕ್ಷ್ಮ ವ್ಯತ್ಯಾಸಗಳಿದ್ದರೂ ಹುಡುಕುವವನಿಗೆ ಇಷ್ಟು ಸಾಕು. ನಮ್ಮ ಪಂಚಾಂಗದ ರಾಶಿಗಳು ನಿರಯನ ಪದ್ಧತಿಯವಾದುದರಿಂದ ಅವು ಆಕಾಶದ ನಕ್ಷತ್ರಗಳಿಗೆ ಹೆಚ್ಚುಕಡಿಮೆ ಹೊಂದಿಕೊಂಡಿವೆಯೆಂಬುದು ಇನ್ನೊಂದು ಅನುಕೂಲ. ಇದೂ ಕಷ್ಟವೆನಿಸಿದರೆ ಚಂದ್ರನನ್ನು ಆಶ್ರಯಿಸಬಹುದು. ಚಂದ್ರ ತಿಂಗಳಿಗೊಮ್ಮೆ ಪ್ರತಿಯೊಂದು ಗ್ರಹದ ಬಳಿಯೂ ಹಾದುಹೋಗುತ್ತಾನೆ. ಚಂದ್ರನೂ ಗ್ರಹವೂ ಒಂದೇ ರಾಶಿಯಲ್ಲಿರುವ ರಾತ್ರಿ ಅವನ ಅಕ್ಕಪಕ್ಕವನ್ನು ನೋಡಿದರಾಯಿತು.

ನವಗ್ರಹಗಳಲ್ಲಿ ಒಂಬತ್ತನ್ನೂ ತೋರಿಸಿರೆಂದು ಮಕ್ಕಳು ಕೇಳುವುದುಂಟು. ಸೂರ್ಯಚಂದ್ರರು ಎಲ್ಲರಿಗೂ ಕಾಣುವವರು. ರಾಹು ಕೇತುಗಳು ಬೆಳಗುವ ಕಾಯಗಳಲ್ಲ. ಚಂದ್ರನ ದಾರಿಯೂ ಸೂರ್ಯನ ದಾರಿಯೂ ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳು. ಗ್ರಹಣಗಳಾಗುವುದು ಆ ಬಿಂದುಗಳ ಸಮೀಪದಲ್ಲಿ. ಉಳಿದವು ಐದು. ಅವುಗಳನ್ನು ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಸುಲಭವಾದುದು ಶುಕ್ರ. ನಮ್ಮ ಹಿರಿಯರು ಇದನ್ನು ಬೆಳ್ಳಿ ಎಂದು ಕರೆದರು. ಬೆಳ್ಳಿ ಮೂಡಿತೆಂದರೆ ಎತ್ತುಗಳಿಗೆ ಮೇವು ಹಾಕುವ ಹೊತ್ತು, ಬೀಸುವ ಕಲ್ಲಿನ ಮುಂದೆ ಕುಳಿತುಕೊಳ್ಳುವ ಹೊತ್ತು. ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಇದಕ್ಕಿಂತ ಬೆಳಗುವ ಗ್ರಹನಕ್ಷತ್ರಗಳಿಲ್ಲ. ಇದು ಸೂರ್ಯನಿಂದ ೪೭ ಅಂಶಗಳಿಗಿಂತ ಹೆಚ್ಚು ದೂರ ಸರಿಯದು. ಆದುದರಿಂದ ನಡುರಾತ್ರಿಯಲ್ಲಿ ನಮ್ಮ ನೆತ್ತಿಯ ಮೇಲೆ ಎಂದೂ ಕಾಣದು. ಸಂಜೆ ಪಶ್ಚಿಮದಲ್ಲಿ, ಇಲ್ಲವೆ ನಸುಕಿನಲ್ಲಿ ಪೂರ್ವದಲ್ಲಿ, ಹೆಚ್ಚೆಂದರೆ ಮೂರು ಗಂಟೆಗಳ ಕಾಲ ಕಾಣುವುದು. ಎಂಟು ತಿಂಗಳಿಗೂ ಮೇಲ್ಪಟ್ಟು ಸಂಜೆಯ ಚುಕ್ಕೆಯಾಗಿದ್ದು, ಕೆಲವು ದಿನ ಮರೆಯಾಗಿ, ಮತ್ತೆ ಅಷ್ಟೇ ಕಾಲ ಬೆಳಗಿನ ಚುಕ್ಕೆಯಾಗುತ್ತದೆ. ಸಂಜೆಯ ಚುಕ್ಕೆಯೂ ಬೆಳಗಿನ ಚುಕ್ಕೆಯೂ ಒಂದೇ ಎಂಬುದನ್ನು ಮಕ್ಕಳು ತಾವೇ ದಿನಚರಿ ಬರೆದು ಕಂಡುಕೊಳ್ಳಲಿ. ಈ ಇಡೀ ಆವರ್ತನಕ್ಕೆ ೫೮೪ ದಿನಗಳು. ಇಂಥ ಐದು ಆವರ್ತನಗಳು ಸೇರಿದರೆ ಹೆಚ್ಚುಕಡಿಮೆ ಎಂಟು ವರ್ಷವಾಗುವುದರಿಂದ, ೨೦೨೬ರ ಸಂಜೆಗಳಲ್ಲಿ ಶುಕ್ರ ತೋರುವ ನಡೆಯೇ ೨೦೩೪ರಲ್ಲಿ ಮರಳಿ ಬರುತ್ತದೆ.

ಕಷ್ಟವಾದುದು ಬುಧ. ಅದು ಸೂರ್ಯನಿಂದ ೨೮ ಅಂಶಗಳಿಗಿಂತ ಆಚೆಗೆ ಹೋಗದು. ಸೂರ್ಯ ಪೂರ್ತಿಯಾಗಿ ಮುಳುಗಿ ಅರ್ಧ ಗಂಟೆಯಾದ ಮೇಲೆ, ಮರಗಿಡಗಳ ಅಡ್ಡಿಯಿಲ್ಲದ ಪಶ್ಚಿಮ ದಿಗಂತದ ತುಸು ಮೇಲೆ ಹುಡುಕಬೇಕು. ಕೈಯನ್ನು ನೀಳವಾಗಿ ಚಾಚಿ ಮುಷ್ಟಿಯನ್ನು ದಿಗಂತದ ಮೇಲಿಟ್ಟರೆ ಅದು ಸುಮಾರು ಹತ್ತು ಅಂಶಗಳನ್ನು ಮುಚ್ಚುತ್ತದೆ. ಒಂದು ಒಂದೂವರೆ ಮುಷ್ಟಿಯ ಎತ್ತರದಲ್ಲಿ ಬುಧ ಸಿಕ್ಕುತ್ತದೆ. ಸಂಜೆ ಕೆಲವು ದಿನ, ಮತ್ತೆ ಬೆಳಗ್ಗೆ ಕೆಲವು ದಿನ, ಹೀಗೆ ವರ್ಷಕ್ಕೆ ಆರೇಳು ಅವಕಾಶಗಳು ಬರುತ್ತವೆ. ಯುರೋಪಿನ ಉತ್ತರ ದೇಶಗಳಲ್ಲಿ ಗ್ರಹಗಳ ದಾರಿ ದಿಗಂತಕ್ಕೆ ಓರೆಯಾಗಿ ಮಲಗಿದಂತಿರುವುದರಿಂದ ಬುಧನನ್ನು ಕಾಣುವುದು ಅಲ್ಲಿ ಪ್ರಯಾಸದ ಕೆಲಸ. ನಮ್ಮಲ್ಲಿ ಆ ದಾರಿ ನೆಟ್ಟಗೆ ಮೇಲೇಳುತ್ತದೆ. ನಿಸರ್ಗ ನಮಗಿತ್ತ ಈ ಸೌಲಭ್ಯವನ್ನು ನಾವು ಗಮನಿಸಿಯೇ ಇಲ್ಲ. ಒಂದು ಎಚ್ಚರಿಕೆ: ಸೂರ್ಯ ಕಣ್ಮರೆಯಾಗುವ ಮೊದಲು ಯಾವ ಮಗುವೂ ಆ ದಿಕ್ಕಿಗೆ ದುರ್ಬೀನನ್ನು ಹಿಡಿಯಕೂಡದು, ಕಣ್ಣು ಶಾಶ್ವತವಾಗಿ ಹೋದೀತು.

ಮಂಗಳವನ್ನು ಅದರ ಕೆಂಬಣ್ಣದಿಂದ ಗುರುತಿಸಬೇಕು. ಜ್ಯೇಷ್ಠೆ ಮತ್ತು ರೋಹಿಣಿಗಳೂ ಕೆಂಪಾಗಿರುವುದರಿಂದ ಹೊಸಬರು ಮೋಸಹೋಗುವುದುಂಟು. ಅವು ಮಿನುಗುತ್ತವೆ, ಮಂಗಳ ಮಿನುಗದು. ಈ ಗ್ರಹದ ಹೊಳಪು ಬಹಳವಾಗಿ ಬದಲಾಗುತ್ತಿರುತ್ತದೆ. ದೂರವಿದ್ದಾಗ ಸಾಧಾರಣ ನಕ್ಷತ್ರದಂತಿದ್ದು, ಸುಮಾರು ೨೬ ತಿಂಗಳಿಗೊಮ್ಮೆ ಭೂಮಿಯ ಸಮೀಪಕ್ಕೆ ಬಂದಾಗ ಕೆಂಡದಂತೆ ಹೊಳೆಯುತ್ತದೆ. ೨೦೦೩ರ ಆಗಸ್ಟ್‌ನಲ್ಲಿ ಅದು ಐದೂವರೆ ಕೋಟಿ ಕಿಲೋಮೀಟರಿಗಿಂತ ಕೊಂಚ ಹೆಚ್ಚಿನ ದೂರಕ್ಕೆ ಬಂದಿತ್ತು. ೨೦೨೭ರ ಫೆಬ್ರವರಿ, ೨೦೨೯ರ ಮಾರ್ಚ್, ೨೦೩೧ರ ಮೇ, ೨೦೩೩ರ ಜೂನ್, ೨೦೩೫ರ ಸೆಪ್ಟೆಂಬರ್ ತಿಂಗಳುಗಳು ಅದು ಸೂರ್ಯನಿಗೆ ಎದುರಾಗಿ ಬೆಳಗುವ ಕಾಲ. ಇವುಗಳಲ್ಲಿ ಕೊನೆಯದು ಅತಿ ಉಜ್ವಲವಾದುದು. ೨೦೧೩ರ ನವೆಂಬರ್ ೫ರಂದು ಹೊರಟ ನಮ್ಮ ದೇಶದ ನೌಕೆ ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳದ ಕಕ್ಷೆಯನ್ನು ಸೇರಿ, ೨೦೨೨ರವರೆಗೆ ಸಂಪರ್ಕದಲ್ಲಿತ್ತು. ಅದರ ದನಿಯನ್ನು ಆಲಿಸಿದ ದೊಡ್ಡ ಆಂಟೆನಾ ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ. ಮಂಗಳದೊಡನೆ ಮಾತನಾಡಿದ ನಾಡಿನ ಮಕ್ಕಳಿಗೆ ಮಂಗಳ ಯಾವುದೆಂದು ತಿಳಿಯದಿರುವುದು ವಿಷಾದದ ಸಂಗತಿಯಲ್ಲವೆ?

ಗುರುವಿನ ನಡೆ ಗಂಭೀರವಾದುದು. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ಹನ್ನೆರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಅಂದರೆ ವರ್ಷಕ್ಕೊಂದು ರಾಶಿ. ಗುರು ಕನ್ಯಾರಾಶಿಗೆ ಬಂದ ೨೦೧೬ರಲ್ಲಿ ಕೃಷ್ಣಾ ಪುಷ್ಕರವೂ, ಮಕರಕ್ಕೆ ಬಂದ ೨೦೨೦ರಲ್ಲಿ ತುಂಗಭದ್ರಾ ಪುಷ್ಕರವೂ ನಡೆದುದನ್ನು ಓದುಗರು ಬಲ್ಲರು. ನದಿಯಲ್ಲಿ ಮಿಂದವರು ಅಸಂಖ್ಯಾತರು. ಅದೇ ರಾತ್ರಿ ತಲೆಯೆತ್ತಿ ಆ ಗುರುವನ್ನು ನೋಡಿದವರು ಎಷ್ಟು ಮಂದಿಯೋ! ೨೦೨೬ರ ಜನವರಿ ೧೦ರಂದು ಸೂರ್ಯನಿಗೆ ಎದುರಾದ ಗುರು, ಅನಂತರದ ವರ್ಷಗಳಲ್ಲಿ ತಿಂಗಳಷ್ಟು ತಡವಾಗಿ, ೨೦೨೭ರಲ್ಲಿ ಫೆಬ್ರವರಿಯಲ್ಲಿ, ೨೦೨೮ರಲ್ಲಿ ಮಾರ್ಚಿಯಲ್ಲಿ ಎದುರಾಗುತ್ತದೆ. ಸಾಧಾರಣವಾದ ಒಂದು ದುರ್ಬೀನನ್ನು ಗೋಡೆಗೆ ಒರಗಿಸಿ ಅಲುಗದಂತೆ ಹಿಡಿದು ನೋಡಿದರೆ ಗುರುವಿನ ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕೆಗಳವರೆಗೆ ಕಾಣಬಹುದು. ೧೬೧೦ರ ಜನವರಿಯಲ್ಲಿ ಇಟಲಿಯ ಗೆಲಿಲಿಯೊ ಕಂಡದ್ದು ಇವನ್ನೇ. ರಾತ್ರಿಯಿಂದ ರಾತ್ರಿಗೆ ಅವುಗಳ ಸ್ಥಾನ ಬದಲಾಗುವುದನ್ನು ಚಿತ್ರ ಬರೆದಿಡುವ ಹುಡುಗ, ಎಲ್ಲವೂ ಭೂಮಿಯನ್ನೇ ಸುತ್ತುತ್ತದೆ ಎಂಬ ಹಳೆಯ ಮತ ಹೇಗೆ ಕುಸಿಯಿತೆಂಬುದನ್ನು ಯಾರೂ ಹೇಳದೆಯೇ ಅರಿಯುತ್ತಾನೆ.

ಕೊನೆಯದು ಶನಿ. ಶನೈಶ್ಚರ ಎಂದರೆ ಮೆಲ್ಲನೆ ನಡೆಯುವವನು ಎಂದರ್ಥ. ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಅದನ್ನು ಹನ್ನೆರಡರಿಂದ ಭಾಗಿಸಿದರೆ ರಾಶಿಗೆ ಎರಡೂವರೆ ವರ್ಷ. ಮೂರು ರಾಶಿಗಳನ್ನು ದಾಟಲು ಏಳೂವರೆ ವರ್ಷ. ಜನ ಹೆದರುವ ಏಳೂವರೆ ಎಂಬ ಸಂಖ್ಯೆ ಬಂದುದು ಹೀಗೆ: ಬಹುದೂರದಲ್ಲಿರುವ ಒಂದು ಗ್ರಹ ನಿಧಾನವಾಗಿ ನಡೆಯುತ್ತದೆಂಬ ಸಾಮಾನ್ಯ ಸಂಗತಿಯಿಂದ. ೨೦೨೬ರಲ್ಲಿ ಅಕ್ಟೋಬರ್ ೪ರಂದು ಅದು ಸೂರ್ಯನಿಗೆ ಎದುರಾಗುವ ದಿನ. ಮುಂದೆ ವರ್ಷ ವರ್ಷವೂ ಎರಡು ವಾರದಷ್ಟು ತಡವಾಗುತ್ತದೆ. ಮಸುಕು ಹಳದಿ ಬಣ್ಣದ, ಆಡಂಬರವಿಲ್ಲದ, ಶಾಂತವಾದ ಬೆಳಕು. ಬಳೆಗಳನ್ನು ಕಾಣಲು ಇಪ್ಪತ್ತೈದು ಮೂವತ್ತು ಪಟ್ಟು ಹಿಗ್ಗಿಸುವ ಸಣ್ಣ ದೂರದರ್ಶಕ ಸಾಕು. ೨೦೨೫ರ ಮಾರ್ಚ್‌ನಲ್ಲಿ ಬಳೆಗಳು ನಮಗೆ ಅಂಚನ್ನು ತೋರಿ ಕಾಣದಂತಾಗಿದ್ದವು. ಅಲ್ಲಿಂದೀಚೆಗೆ ಮತ್ತೆ ತೆರೆದುಕೊಳ್ಳುವ ಕಾಲ.

ಪಂಚಾಂಗದಲ್ಲಿ ಬರುವ ಇನ್ನೆರಡು ಮಾತುಗಳನ್ನೂ ಇಲ್ಲಿಯೇ ಬಿಡಿಸಿ ಹೇಳಬಹುದು. ಗುರು ಅಸ್ತ, ಶುಕ್ರ ಅಸ್ತ ಎಂದರೆ ಆ ಗ್ರಹ ಸೂರ್ಯನ ಸಮೀಪಕ್ಕೆ ಹೋಗಿ ಕಣ್ಣಿಗೆ ಬೀಳದಿರುವ ಕಾಲ. ವಕ್ರ ಎಂದರೆ ಗ್ರಹ ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿದಂತೆ ತೋರುವ ಕಾಲ. ಒಂದು ಬಸ್ಸು ಇನ್ನೊಂದನ್ನು ಹಿಂದೆ ಹಾಕುವಾಗ ಆ ಇನ್ನೊಂದು ಹಿಂದಕ್ಕೆ ಹೋದಂತೆ ಕಾಣುವುದಷ್ಟೆ? ಭೂಮಿ ತನ್ನ ಹೊರಗಿನ ಗ್ರಹವನ್ನು ದಾಟಿ ಮುಂದೆ ಹೋಗುವಾಗ ಆಗುವುದೂ ಅದೇ. ಮಂಗಳ, ಗುರು, ಶನಿಗಳು ವಕ್ರವಾಗಿರುವಾಗಲೇ ಭೂಮಿಗೆ ಸಮೀಪವಾಗಿದ್ದು, ಹೆಚ್ಚು ಉಜ್ವಲವಾಗಿ, ರಾತ್ರಿಯ ಬಹುಭಾಗ ಕಾಣುತ್ತವೆ. ಹೆದರಿ ಒಳಗೆ ಕೂರುವ ಕಾಲವೆಂದು ನಾವು ತಿಳಿದದ್ದು ನಿಜವಾಗಿ ಅಂಗಳಕ್ಕೆ ಬಂದು ನೋಡಬೇಕಾದ ಕಾಲ.

ಫಲಜ್ಯೋತಿಷ್ಯದಲ್ಲಿ ನನಗೆ ನಂಬಿಕೆಯಿಲ್ಲ, ಇದನ್ನು ಮುಚ್ಚಿಡಲಾರೆ. ಹುಡುಗನ ವಿದ್ಯೆ ಅವನ ಪರಿಶ್ರಮ, ಉಪಾಧ್ಯಾಯರ ಕಾಳಜಿ, ಮನೆಯ ಅನುಕೂಲಗಳಿಂದ ಬರುವುದೇ ಹೊರತು ಗ್ರಹಗತಿಯಿಂದಲ್ಲ. ಆದರೆ ನಂಬುವವರೊಡನೆ ವಾದಕ್ಕೆ ನಿಂತು ಗೆದ್ದವರನ್ನು ನಾನು ಕಂಡಿಲ್ಲ. ವಾದಕ್ಕಿಂತ ದರ್ಶನ ಮೇಲು. ೨೦೨೦ರ ಡಿಸೆಂಬರ್ ೨೧ರ ಸಂಜೆ ಗುರು ಶನಿಗಳು ಚಂದ್ರಬಿಂಬದ ಐದನೆಯ ಒಂದು ಪಾಲಿನಷ್ಟು ಅಂತರದಲ್ಲಿ ಕೂಡಿ ಬಂದಿದ್ದವು. ೧೬೨೩ರ ಅನಂತರ ಅವು ಅಷ್ಟು ಸಮೀಪಿಸಿರಲಿಲ್ಲ. ಇನ್ನು ಅಂಥದನ್ನು ಕಾಣಲು ೨೦೮೦ರವರೆಗೆ ಕಾಯಬೇಕು. ಅಂದು ನಮ್ಮ ಓಣಿಯ ಮಕ್ಕಳನ್ನು ಮಾಳಿಗೆಯ ಮೇಲೆ ಕರೆದು ತೋರಿಸುತ್ತಿದ್ದೆ. ಜನ್ಮವಿಡೀ ಶನಿಯ ಹೆಸರಿಗೆ ಎಳ್ಳೆಣ್ಣೆಯ ದೀಪ ಹಚ್ಚಿದ ನೆರೆಮನೆಯ ಮುದುಕಿಯೊಬ್ಬಳು ಮೊಮ್ಮಗನ ಕೈಹಿಡಿದು ಮೆಟ್ಟಿಲೇರಿ ಬಂದಳು. ಬಹಳ ಹೊತ್ತು ನೋಡಿ, "ಇಷ್ಟು ಸಣ್ಣಗೆ, ಇಷ್ಟು ಸುಮ್ಮನೆ ಇದ್ದಾನಲ್ಲ!" ಎಂದಳು. ಆಕೆ ಮರುದಿನ ದೀಪ ಹಚ್ಚುವುದನ್ನು ಬಿಡಲಿಲ್ಲ; ಬಿಡಬೇಕೆಂದು ನಾನೂ ಹೇಳಲಿಲ್ಲ. ಆದರೆ ಆ ಮಾತಿನಲ್ಲಿ ಭಯವಿರಲಿಲ್ಲವೆಂಬುದನ್ನು ನಾನು ಗಮನಿಸಿದೆ.

ಕಣ್ಣಿನಿಂದ ನೋಡಿ ಪರೀಕ್ಷಿಸುವುದು ಹೊರಗಿನಿಂದ ಬಂದ ಪದ್ಧತಿಯೆಂದು ಯಾರೂ ತಿಳಿಯಬಾರದು. ಕೇರಳದ ಪರಮೇಶ್ವರನೆಂಬ ಜ್ಯೋತಿರ್ವಿದನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗ್ರಹಣಗಳನ್ನು ತಾನೇ ವೀಕ್ಷಿಸಿ, ಹಳೆಯ ಗಣಿತ ಆಕಾಶಕ್ಕೆ ಹೊಂದುತ್ತಿಲ್ಲವೆಂದು ಕಂಡು, ೧೪೩೧ರಲ್ಲಿ ‘ದೃಗ್ಗಣಿತ’ವನ್ನು ರಚಿಸಿದನು. ದೃಕ್ ಎಂದರೆ ನೋಟ. ನೋಟಕ್ಕೆ ಹೊಂದುವ ಗಣಿತವೇ ದೃಗ್ಗಣಿತ. ಸ್ವಾತಂತ್ರ್ಯಾನಂತರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಯ ಸಮಿತಿ ನೇಮಕವಾಗಿ, ೧೯೫೭ರಿಂದ ರಾಷ್ಟ್ರೀಯ ಪಂಚಾಂಗ ಹೊರಬರತೊಡಗಿದ್ದೂ ಇದೇ ಧ್ಯೇಯದಿಂದ. ಪಂಚಾಂಗವನ್ನು ನೋಟದಿಂದ ತಿದ್ದಿದ ಪರಂಪರೆಯವರು ನಾವು. ಇಂದು ಪಂಚಾಂಗವನ್ನು ಉಳಿಸಿಕೊಂಡು ನೋಟವನ್ನು ಬಿಟ್ಟಿದ್ದೇವೆ.

ನನ್ನ ಸಲಹೆಗೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲವೆಂಬುದು ಮೊದಲನೆಯದು. ನಿಜ, ಆದರೆ ಅಂಕವಿಲ್ಲದ ಎಷ್ಟೋ ಒಳ್ಳೆಯದನ್ನು ಪ್ರಸಾದನಿಲಯ ಮಕ್ಕಳಿಗೆ ಕಲಿಸುತ್ತಿದೆ. ಮಳೆಗಾಲದಲ್ಲಿ ಮೋಡವಿರುತ್ತದೆಂಬುದು ಎರಡನೆಯದು. ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಜನವರಿಯವರೆಗೆ ಧೂಳು ತೊಳೆದ ಆಕಾಶ ನಮ್ಮದು, ಅಷ್ಟು ಸಾಕು. ಮೊಬೈಲ್ ಫೋನನ್ನು ಆಕಾಶಕ್ಕೆ ಹಿಡಿದರೆ ಅದೇ ಗ್ರಹದ ಹೆಸರನ್ನು ಹೇಳುತ್ತದೆಂಬುದು ಮೂರನೆಯದು. ಉಪಾಧ್ಯಾಯರು ತಮ್ಮ ಉತ್ತರವನ್ನು ತಾಳೆ ನೋಡಲು ಅದನ್ನು ಬಳಸಲಿ. ಆದರೆ ಹೊಳೆಯುವ ಪರದೆಯನ್ನು ಕಂಡ ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದೂ ಅಲ್ಲದೆ ಕೇಳದ ಪ್ರಶ್ನೆಗೆ ಉತ್ತರ ಕೊಡುವ ಯಂತ್ರದಿಂದ ಹುಡುಕುವ ಸುಖ ತಪ್ಪಿಹೋಗುತ್ತದೆ.

ನಾಲ್ಕನೆಯ ಅಡ್ಡಿ ನಮ್ಮದೇ ಸೃಷ್ಟಿ. ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ಶಾಲೆಯ ಮೈದಾನಗಳಲ್ಲಿ ಎತ್ತರದ ದೀಪಸ್ತಂಭಗಳನ್ನು ನಿಲ್ಲಿಸುತ್ತಿದ್ದಾರೆ. ಅವರ ಅಭಿಮಾನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಬೆಳಕು ನೆಲಕ್ಕಿಂತ ಮುಗಿಲಿಗೇ ಹೆಚ್ಚು ಬೀಳುತ್ತದೆ. ಗ್ರಹಗಳೇನೋ ಪಟ್ಟಣದ ಬೆಳಕಿನಲ್ಲಿಯೂ ಕಂಡಾವು. ಅವು ಯಾವ ನಕ್ಷತ್ರಗಳ ನಡುವೆ ನಡೆಯುತ್ತವೆಂಬುದನ್ನು ಅರಿಯಲು ಕತ್ತಲೆ ಬೇಕು. ನಮ್ಮ ದೇಶವೇ ೨೦೨೨ರಲ್ಲಿ ಲಡಾಖಿನ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಣೆಗಾಗಿ ಮೀಸಲಿಟ್ಟಿತು. ಹಾನ್ಲೆಗೆ ನಾವು ಹೋಗಬೇಕಾಗಿಲ್ಲ. ವಾರಕ್ಕೊಂದು ಸಂಜೆ ಅರ್ಧ ಗಂಟೆ ಮೈದಾನದ ದೀಪವನ್ನು ಆರಿಸಿದರೆ ಸಾಕು.

ನಾನು ಬೇಡುವುದು ಇಷ್ಟು. ವಾರದಲ್ಲಿ ಒಂದು ಸಂಜೆ, ರಾತ್ರಿಯ ಪ್ರಸಾದಕ್ಕೆ ಮುನ್ನ ಅರ್ಧ ಗಂಟೆ. ತಿಂಗಳಲ್ಲಿ ಒಂದು ನಸುಕು. ಒಬ್ಬ ಉಪಾಧ್ಯಾಯರು, ಒಂದು ಪಂಚಾಂಗ, ಒಂದು ದುರ್ಬೀನು, ತರಗತಿಗೊಂದು ದಪ್ಪ ವಹಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ, ಎಷ್ಟು ಮುಷ್ಟಿಯ ಎತ್ತರದಲ್ಲಿ ಯಾವ ಗ್ರಹ ಕಂಡಿತೆಂದು ಮಕ್ಕಳೇ ಅದರಲ್ಲಿ ಬರೆಯಲಿ. ಮೋಡವಿದ್ದರೆ ಮೋಡವೆಂದು ಬರೆಯಲಿ. ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಲಿ. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸ ವಿಜ್ಞಾನಕ್ಕೆ ಮಾತ್ರವಲ್ಲ, ನಡತೆಗೂ ಬೇಕಾದುದು. ಒಂದು ತಂಡ ಬಿಟ್ಟು ಹೋ‌ದ ವಹಿಯನ್ನು ಮುಂದಿನ ತಂಡ ಮುಂದುವರಿಸಲಿ.

ಆರನೆಯ ತರಗತಿಗೆ ಸೇರುವ ಹನ್ನೆರಡು ವರ್ಷದ ಬಾಲಕನ ಪಾಲಿಗೆ ಗುರು, ಅವನು ಹುಟ್ಟಿದಾಗ ಯಾವ ನಕ್ಷತ್ರಗಳ ಬಳಿಯಿತ್ತೋ ಅಲ್ಲಿಗೆ ಮೊದಲ ಬಾರಿ ಮರಳಿ ಬಂದಿರುತ್ತದೆ. ಶನಿ ಹಾಗೆ ಮರಳುವ ಹೊತ್ತಿಗೆ ಅವನಿಗೆ ಮೂವತ್ತು ತುಂಬುತ್ತಿರುತ್ತದೆ. ಅವನೇ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿರಬಹುದು, ಒಂದು ಮಗುವಿನ ತಂದೆಯಾಗಿರಬಹುದು. ಆಗ ಯಾರಾದರೂ ಹುಡುಗ ಅವನ ಮುಂದೆ ಬಂದು ಶನಿ ಎಲ್ಲಿದೆ ಎಂದು ಕೇಳಿದರೆ, ನಾನು ಮಾಡಿದಂತೆ ಆತ ಪುಸ್ತಕವನ್ನು ತೆರೆಯಬಾರದು; ಹುಡುಗನ ಹೆಗಲ ಮೇಲೆ ಕೈಯಿಟ್ಟು ಅಂಗಳಕ್ಕೆ ಕರೆದೊಯ್ಯಬೇಕು. ಪೂಜ್ಯರ ಅಪ್ಪಣೆಯೂ, ಆಡಳಿತ ಮಂಡಲಿಯ ಸಹಕಾರವೂ, ತಂದೆತಾಯಿಗಳ ಒಪ್ಪಿಗೆಯೂ ದೊರೆತರೆ ಈ ಕಾರ್ಯವನ್ನು ಮಳೆಗಾಲ ಕಳೆದ ಕೂಡಲೆ ಆರಂಭಿಸಬಹುದಾಗಿದೆ. ಅಂದು ಮೊದಲ ಸಂಜೆ ಮೈದಾನದ ದೀಪವನ್ನು ಆರಿಸುವ ಕೆಲಸವನ್ನು ನನಗೆ ವಹಿಸಿದರೆ, ನನ್ನ ಮೇಲಿರುವ ಹಳೆಯ ಋಣದಲ್ಲಿ ಒಂದಂಶವಾದರೂ ತೀರಿತೆಂದು ಭಾವಿಸುವೆನು.